ಲಕ್ಷ್ಮೀನರಸಿಂಹಯ್ಯ ಅಂದರೆ ಎಷ್ಟು ಅಕ್ಷರ?

ಚಿಕ್ಕಮಗಳೂರಿನ ಹತ್ತಿರದ ಒಂದು ಸಹಕಾರ ಸಂಘಕ್ಕೆ ಸದಸ್ಯರ ಕಾರ್ಡ್ ಮುದ್ರಿಸುವ ವೆಬ್ ಆ್ಯಪ್ ಮಾಡಿಕೊಟ್ಟಿದ್ದೆ. ಕಾರ್ಡಿನಲ್ಲಿ ಹೆಸರಿಗೆ ಜಾಗ ಕಡಿಮೆ. ಹಾಗಾಗಿ ಹೆಸರು 15 ದಾಟಿದರೆ ಅಲ್ಲಿಗೇ ಕತ್ತರಿಸು ಅಂತ ಕೋಡಿನಲ್ಲಿ ಒಂದು ಸಾಲು ಬರೆದಿದ್ದೆ. ಮೊದಲ ಕಟ್ಟು ಪ್ರಿಂಟ್ ಆಗಿ ಬಂದ ದಿನ ಸಂಘದ ಗುಮಾಸ್ತರು ಒಂದು ಕಾರ್ಡ್ ತೆಗೆದು ನನ್ನ ಮುಂದಿಟ್ಟರು.

"ಇದೇನ್ರೀ, ಲಕ್ಷ್ಮೀನರಸಿಂಹಯ್ಯನೋರ ಹೆಸರಿನ ಬಾಲ ಎಲ್ಲಿ ಹೋಯ್ತು?"

ಕಾರ್ಡಿನ ಮೇಲೆ 'ಲಕ್ಷ್ಮೀನರಸಿಂಹಯ್' ಅಂತಿತ್ತು. ಕೊನೆಯ ಯ ಬಿದ್ದುಹೋಗಿ ಬರೀ ಅರ್ಧ ಯ್ ನೇತಾಡುತ್ತಿತ್ತು. ಗುಮಾಸ್ತರು ಬೆರಳು ಮಡಚಿ ಎಣಿಸಿದರು. ಲ, ಕ್ಷ್ಮೀ, ನ, ರ, ಸಿಂ, ಹ, ಯ್ಯ. "ಏಳೇ ಅಕ್ಷರ ಅಲ್ವಾ? ಹದಿನೈದಕ್ಕೆ ಹೇಗೆ ಹೆಚ್ಚಾಗುತ್ತೆ?"

ಅವರ ಲೆಕ್ಕ ಸರಿ. ಜಾವಾಸ್ಕ್ರಿಪ್ಟ್ ಲೆಕ್ಕ ಬೇರೆ. ಅದು ಎಣಿಸುವುದು ಅಕ್ಷರವನ್ನಲ್ಲ, ಒಳಗಿನ ಸಂಕೇತಗಳನ್ನು. ಕ್ಷ್ಮೀ ಅನ್ನುವ ಒಂದೇ ಅಕ್ಷರದಲ್ಲಿ ಕ, ವಿರಾಮ (ವ್ಯಂಜನದ ಸ್ವರ ತೆಗೆದು ಅರ್ಧ ಮಾಡುವ ಚಿಹ್ನೆ), ಷ, ಮತ್ತೆ ವಿರಾಮ, ಮ, ದೀರ್ಘ ಈ ಗುಣಿತ ಅಂತ 6 ಸಂಕೇತ ಇವೆ. ಪೂರ್ತಿ ಹೆಸರಿಗೆ 16. ನನ್ನ ಸಾಲು 15ಕ್ಕೆ ಕತ್ತರಿ ಹಾಕಿತ್ತು. ಎಚ್‌ಟಿಎಂಎಲ್ ಫಾರ್ಮಿನ ಮ್ಯಾಕ್ಸ್‌ಲೆಂಗ್ತ್ ಕೂಡ ಇದೇ ಲೆಕ್ಕ ಹಿಡಿಯುತ್ತದೆ. ಅಂದರೆ ಶಾಲೆಯ ಅರ್ಜಿಯಲ್ಲಿ ಹೆಸರಿಗೆ 20ರ ಮಿತಿ ಇಟ್ಟರೆ, ಕನ್ನಡದಲ್ಲಿ ತುಂಬುವ ಮಗುವಿಗೆ ಹತ್ತು ಅಕ್ಷರವೂ ಸಿಗದೇ ಹೋಗಬಹುದು.

ಅವತ್ತು ಸಂಜೆ ಹಾಸನದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಆಲೂಗಡ್ಡೆ ವ್ಯಾಪಾರಿಗಳಿಗೆ ಲೆಕ್ಕದ ಆ್ಯಪ್ ಮಾಡಿಕೊಡುತ್ತಾನೆ. "ಅಯ್ಯೋ ಮಾರಾಯ, ಇದಕ್ಕೆ ನಾನು ಹೋದ ವರ್ಷವೇ ಒಂದು ಫಂಕ್ಷನ್ ಬರೆದಿದ್ದೆ" ಅಂದ. ಮೂಡಿಗೆರೆಯ ಗೆಳತಿ ಕಾಫಿ ಎಸ್ಟೇಟಿನ ಕೆಲಸಗಾರರ ಹಾಜರಿ ಪಟ್ಟಿಯ, ಅಂದರೆ ಚೆಕ್‌ರೋಲ್ ಆ್ಯಪ್ ನೋಡಿಕೊಳ್ಳುತ್ತಾಳೆ. ಅವಳ ಹತ್ತಿರವೂ ಒಂದಿತ್ತು. ಮೂವರೂ ಒಂದೇ ರಿಪೇರಿಯನ್ನು ಮೂರು ಕಡೆ, ಮೂರು ಥರ ಮಾಡಿಕೊಂಡಿದ್ದೆವು. ಮೂರರಲ್ಲೂ ಬೇರೆ ಬೇರೆ ತಪ್ಪುಗಳಿದ್ದವು. ಒಬ್ಬರು ಕಂಡುಹಿಡಿದದ್ದು ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ. ಇದನ್ನು ಯಾವ ಆ್ಯಪಿಗೂ ಸೇರಿಸಬಹುದಾದ ಕೋಡ್ ಲೈಬ್ರರಿಯಾಗಿ ಒಂದೇ ಕಡೆ ಇಡೋಣ, ಬೇರೆಯವರಿಗೂ ಸಿಗಲಿ ಅಂತ ಅವತ್ತೇ ತೀರ್ಮಾನ ಆಯಿತು.

ಬೇಲೂರಿನಲ್ಲಿ ಮೊದಲ ಭಾನುವಾರ

ಮೂವರಿಗೂ ನಡುವೆ ಸಿಗುವ ಊರು ಬೇಲೂರು. ನನಗೆ ಸುಮಾರು 25 ಕಿಲೋಮೀಟರ್, ಹಾಸನದವನಿಗೆ 40ರ ಹತ್ತಿರ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಖಾಲಿ ದೋಸೆ ತಿಂದು, ಮೂಲೆಯ ಟೇಬಲ್ ಹಿಡಿದು ಕೂತೆವು.

ಮೊದಲು ಕೈ ಹಾಕಿದ್ದು ಅಕ್ಷರ ಬಿಡಿಸುವ ಫಂಕ್ಷನ್‌ಗೆ. ಬ್ರೌಸರಿನಲ್ಲೇ ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ ಅಂತ ಒಂದು ಸೌಲಭ್ಯ ಇದೆ, ಅದನ್ನೇ ಬಳಸಿದರೆ ಸಾಕಲ್ವಾ ಅಂತ ಗೆಳತಿ ಕೇಳಿದಳು. ಓಡಿಸಿ ನೋಡಿದೆವು. ಲಕ್ಷ್ಮೀನರಸಿಂಹಯ್ಯನಿಗೆ ಅದು ಹೇಳಿದ್ದು 10. ಕ್ಷ್ಮೀಯನ್ನು ಕ್, ಷ್, ಮೀ ಅಂತ ಮೂರು ಮಾಡಿತ್ತು, ಯ್ಯ ಅನ್ನುವುದನ್ನು ಎರಡು ಮಾಡಿತ್ತು. ಕಾರಣ ಹುಡುಕುತ್ತಾ ಹೋದರೆ, ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಮಾನದಂಡದ ನಿಯಮಕ್ಕೆ ಬಂದು ನಿಂತೆವು. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಟ್ಟಿಗೆ ಇಡುವ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಗದಿದ್ದಾಗ ಕೈಕಟ್ಟಿ ಕೂರುವ ಹಾಗಿರಲಿಲ್ಲ. ನಾವೇ ಬರೆದೆವು.

ನಿಯಮ ಕಷ್ಟದ್ದಲ್ಲ. ಒಂದು ವ್ಯಂಜನ, ಅದರ ಕೆಳಗೆ ಚುಕ್ಕಿ ಇದ್ದರೆ ಅದೂ ಸೇರಿ (ಜ಼, ಫ಼ ಬರೆಯಲು ಬಳಸುವ ನುಕ್ತ). ಅದರ ನಂತರ ವಿರಾಮ, ಮತ್ತೊಂದು ವ್ಯಂಜನ ಎಷ್ಟು ಸಲ ಬೇಕಾದರೂ. ಆಮೇಲೆ ಗುಣಿತ ಇದ್ದರೆ ಗುಣಿತ, ಅನುಸ್ವಾರ ಅಥವಾ ವಿಸರ್ಗ ಇದ್ದರೆ ಅದು. ಸ್ವರಕ್ಕೆ ಬೇರೆ ಸಾಲು. ಪಠ್ಯದಲ್ಲಿ ಮಾದರಿ ಹುಡುಕುವ ಒಂದೇ ಸೂತ್ರದಲ್ಲಿ, ಅಂದರೆ ರೆಜೆಕ್ಸ್‌ನಲ್ಲಿ ಮುಗಿಯಿತು. ಲಕ್ಷ್ಮೀನರಸಿಂಹಯ್ಯ 7, ಚಿಕ್ಕಮಗಳೂರು 6, ಸಕಲೇಶಪುರ 6. ಹೋಟೆಲಿನವರು ಎರಡನೇ ಸಲ ಕಾಫಿ ತಂದಾಗ ಮೂವರೂ ಖುಷಿಯಾಗಿದ್ದೆವು.

ಆ ಖುಷಿ ಒಂದು ವಾರ ಉಳಿಯಿತು. ಹಾಸನದ ಗೆಳೆಯನಿಗೆ ಪರಿಚಯದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. ಅವರಿಗೆ ಡೆಮೊ ತೋರಿಸಿದ. ಅವರು ಹಳಗನ್ನಡದ ಒಂದು ಸಾಲು ಟೈಪ್ ಮಾಡಿಸಿದರು. ಅದರಲ್ಲಿ ೞ ಇತ್ತು. ನಮ್ಮ ಫಂಕ್ಷನ್ ಅದನ್ನು ನುಂಗಿಬಿಟ್ಟಿತು. ನೋಡಿದರೆ, ನಾವು ವ್ಯಂಜನ ಅಂದರೆ ಕ ಇಂದ ಹ ವರೆಗೆ, ಅಂದರೆ ಸಂಕೇತ ಸಂಖ್ಯೆ 3221ರಿಂದ 3257 ಅಂತ ಬರೆದಿದ್ದೆವು. ೞ ಇರುವುದು 3294ರಲ್ಲಿ, ದೂರ ಒಂಟಿಯಾಗಿ. ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರೂ ತಪ್ಪಾಗಿ 'ಫ' ಅಂತ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಇಟ್ಟಿದ್ದಾರೆ. ಸುಮಾರು ಕ್ರಿ.ಶ. 450ರದು ಅನ್ನುವ ಹಲ್ಮಿಡಿ ಶಾಸನ ಸಿಕ್ಕ ಊರು ನಾವು ದೋಸೆ ತಿಂದ ಬೇಲೂರು ತಾಲೂಕಿನಲ್ಲೇ ಇದೆ. ಅಂಥ ಜಾಗದಲ್ಲಿ ಕೂತು ಬರೆದ ಕೋಡಿಗೆ ಹಳಗನ್ನಡದ ಅಕ್ಷರ ಗೊತ್ತಿಲ್ಲ ಅಂದರೆ ನನಗೆ ಸಮಾಧಾನ ಆಗಲಿಲ್ಲ. ಅವತ್ತೇ ಸೇರಿಸಿದೆ.

ಮೇಷ್ಟ್ರು ಇನ್ನೊಂದು ಪ್ರಶ್ನೆ ಕೇಳಿದ್ದರು. ಅದು ಇನ್ನೂ ದೊಡ್ಡದು. "ಪೌಡರ್ ಅನ್ನೋದಕ್ಕೆ ನಿಮ್ಮ ಕಂಪ್ಯೂಟರ್ ಮೂರು ಅಕ್ಷರ ಅನ್ನುತ್ತಲ್ಲಪ್ಪ. ಛಂದಸ್ಸಿನಲ್ಲಿ ಅದು ಎರಡೇ. ಕೊನೆಯ ರ್ ಹಿಂದಿನ ಡಕಾರಕ್ಕೆ ಸೇರಿ ಅದನ್ನು ಗುರು ಮಾಡುತ್ತೆ." ನಿಜ. ಪ್ರಸ್ತಾರ ಹಾಕುವವರಿಗೆ ಪೌ, ಡರ್. ಪರದೆಯ ಮೇಲೆ ಎಲ್ಲಿ ಕತ್ತರಿಸಬಹುದು ಅಂತ ಕೇಳುವವರಿಗೆ ಪೌ, ಡ, ರ್. ಎರಡೂ ಸರಿ, ಕೆಲಸ ಬೇರೆ. ಒಂದೇ ಫಂಕ್ಷನ್‌ನಲ್ಲಿ ಎರಡನ್ನೂ ತುರುಕುವುದು ಬೇಡ ಅಂತ ನಾನು ಹಟ ಹಿಡಿದೆ. ಈಗ ಎರಡು ಫಂಕ್ಷನ್ ಇವೆ, ಎರಡಕ್ಕೂ ಅದರ ಕೆಲಸ ಹೇಳುವ ಹೆಸರಿದೆ.

ಆಮೇಲಿಂದ ಮೇಷ್ಟ್ರು ನಮ್ಮ ಪರೀಕ್ಷಕರಾದರು. ಅವರಿಗೆ ಕೋಡ್ ಬರುವುದಿಲ್ಲ. ಅದಕ್ಕೆ ಟೆಸ್ಟ್‌ಗಳನ್ನು ಕೋಡಿನಿಂದ ಹೊರಗೆ ತೆಗೆದು ಒಂದು ಸಾದಾ ಪಠ್ಯ ಫೈಲಿನಲ್ಲಿ ಇಟ್ಟೆವು. ಒಂದು ಸಾಲಿಗೆ ಒಂದು ಪದ, ಪಕ್ಕದಲ್ಲಿ ಅಡ್ಡಗೆರೆ ಹಾಕಿ ಬಿಡಿಸಿದ ಅಕ್ಷರಗಳು. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೊತೆಗೇ ಬರುವ ಟೆಸ್ಟ್ ರನ್ನರ್ ಆ ಫೈಲನ್ನು ಸಾಲು ಸಾಲಾಗಿ ಓದಿ ಪರೀಕ್ಷಿಸುತ್ತದೆ. ಈ ಲೈಬ್ರರಿಯಲ್ಲಿ ಮಾಡಿದ ಕೆಲಸಗಳಲ್ಲಿ ಇದು ಅತ್ಯುತ್ತಮ ಅಂತ ನನ್ನ ಅಭಿಪ್ರಾಯ. ಮೇಷ್ಟ್ರು ಮೊಬೈಲಿನಲ್ಲಿ ಪದಗಳನ್ನು ಕಳಿಸುತ್ತಾರೆ, ಗೆಳೆಯ ಹಾಗೇ ಅಂಟಿಸುತ್ತಾನೆ. ಟೆಸ್ಟ್ ಕೆಂಪಾದರೆ ನಮಗೆ ಕೆಲಸ.

ಸೊನ್ನೆ ಯಾವುದು, ಅನುಸ್ವಾರ ಯಾವುದು

ಹುಡುಕಾಟದ ಸಮಸ್ಯೆ ಬಂದದ್ದು ಮೂಡಿಗೆರೆಯಿಂದ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ 'ಗಂಗಮ್ಮ' ಅಂತ ಹುಡುಕಿದರೆ ಚೆಕ್‌ರೋಲಿನಲ್ಲಿ ಕಣ್ಣೆದುರೇ ಇರುವ ಗಂಗಮ್ಮ ಸಿಗುತ್ತಿರಲಿಲ್ಲ. ಗೆಳತಿ ಆ ಹೆಸರಿನ ಒಂದೊಂದು ಸಂಕೇತದ ಸಂಖ್ಯೆಯನ್ನೂ ಪ್ರಿಂಟ್ ಮಾಡಿ ಕಳಿಸಿದಳು. ಎರಡನೆಯದು 3302. ಅನುಸ್ವಾರವಾಗಿದ್ದರೆ 3202 ಇರಬೇಕಿತ್ತು. ಯಾರೋ ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಒತ್ತಿದ್ದರು. ಕಣ್ಣಿಗೆ ಎರಡೂ ದುಂಡಗೆ, ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ.

ಇದರ ಅಣ್ಣ ಇನ್ನೊಂದಿದೆ. ಅರ್ಕಾವತ್ತು ಕನ್ನಡದ ಅಂಕಿ ೯ರ ಹಾಗೇ ಕಾಣುತ್ತದೆ. ಹಾಗಾಗಿ 'ಕನಾ೯ಟಕ', 'ಧಮ೯' ಅಂತ ಟೈಪ್ ಮಾಡಿದ್ದು ಎಷ್ಟೋ ಕಡೆ ಸಿಗುತ್ತದೆ. ಇದನ್ನು ಸುಮ್ನೆ ಒಂದು ಚಿಹ್ನೆ ತೆಗೆದು ಇನ್ನೊಂದು ಇಟ್ಟು ಸರಿಮಾಡಲು ಆಗುವುದಿಲ್ಲ. ಕಣ್ಣಿಗೆ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಆದರೆ ಉಚ್ಚಾರಣೆಯಲ್ಲಿ, ಸಂಕೇತದಲ್ಲಿ ರ್ ಮೊದಲು ಬರುತ್ತದೆ. 'ನಾ೯' ಕಂಡರೆ ಪೂರ್ತಿ ನಾ ಅಕ್ಷರವನ್ನು ಹಿಡಿದು, ಅದಕ್ಕಿಂತ ಮೊದಲು ರ್ ಇಟ್ಟು 'ರ್ನಾ' ಮಾಡಬೇಕು. ನಾವು ಮೊದಲು ಬರೆದ ಅಕ್ಷರ ಬಿಡಿಸುವ ಫಂಕ್ಷನ್ ಇಲ್ಲಿ ಕೈ ಹಿಡಿಯಿತು. ಧಮ೯ ಅನ್ನುವುದನ್ನು ಧ, ಮ, ೯ ಅಂತ ಬಿಡಿಸಿ, ಮ ಹಿಡಿದು ರ್ಮ ಮಾಡಿ, ಧರ್ಮ ಕೊಟ್ಟಾಗ ಗೆಳತಿ ಫೋನಿನಲ್ಲೇ ಚಪ್ಪಾಳೆ ತಟ್ಟಿದಳು.

ಆದರೆ ಅಪಾಯವೂ ಇದೆ. 'ಮನೆ೯' ಅಂದರೆ ಒಂಬತ್ತನೇ ಮನೆಯೋ, ತಪ್ಪಾಗಿ ಟೈಪ್ ಆದ ಬೇರೇನೋ? ಪದದ ನಡುವೆ ೯ ಬಂದರೆ ಅನುಮಾನ ಕಡಿಮೆ. ಕೊನೆಯಲ್ಲಿ ಬಂದರೆ ಜಾಸ್ತಿ. ಅದಕ್ಕೆ ಪದದ ಕೊನೆಯ ೯ಕ್ಕೆ ಎರಡು ಕೀಲಿ (ಹುಡುಕುವಾಗ ಹೋಲಿಸಿ ನೋಡುವ ರೂಪ) ಮಾಡುತ್ತೇವೆ: ಒಂದು ಅರ್ಕಾವತ್ತು ಅಂದುಕೊಂಡು, ಒಂದು ಅಂಕಿ ಅಂದುಕೊಂಡು. ಹುಡುಕುವಾಗ ಎರಡರಲ್ಲಿ ಯಾವುದು ಹೊಂದಿದರೂ ಸಾಕು. ೦ಕ್ಕಿಂತ ಮೊದಲು ಇನ್ನೊಂದು ಅಂಕಿ ಇದ್ದರೆ ಅದು ಸೊನ್ನೆಯೇ. '೧೦೯' ಅನ್ನುವುದನ್ನು ಮುಟ್ಟುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಲ, ಳ ಎರಡನ್ನೂ ಒಂದೇ ಅಂತ ಇಟ್ಟುಕೊಂಡರೆ ಟೈಪಿಂಗ್ ತಪ್ಪಿದ್ದರೂ ಸಿಗುತ್ತದಲ್ಲ ಅಂತ ಹಾಸನದವನು ಕೇಳಿದ. ನಾನು ಒಪ್ಪಲಿಲ್ಲ. ಹಳ್ಳಿ ಹುಡುಕಿದವರಿಗೆ ಹಲ್ಲಿ ಕೊಡುವ ಲೈಬ್ರರಿ ನಮಗೆ ಬೇಡ.

ಆಚಾರ‍್ಯರ ಹೆಸರು

ಈಗ ಹೇಳುವುದು ನನ್ನಿಂದಲೇ ಆದ ತಪ್ಪು. ಪೂರ್ತಿ ಹೇಳಬೇಕು, ಯಾಕೆಂದರೆ ಲೈಬ್ರರಿಯ ಈಗಿನ ರೂಪ ಬಂದದ್ದೇ ಇದರಿಂದ.

ಕನ್ನಡ ಪಠ್ಯದಲ್ಲಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳಿರುತ್ತವೆ. 8204 ಮತ್ತು 8205. ಮೊದಲನೆಯದು ಎರಡು ವ್ಯಂಜನ ಒತ್ತಾಗದ ಹಾಗೆ ತಡೆಯುತ್ತದೆ. 'ಸಾಫ್ಟ್‌ವೇರ್' ಬರೆಯುವಾಗ ಟ್ ಕೆಳಗೆ ವ ಒತ್ತು ಬರದಿರುವುದು ಅದರಿಂದ. ಎರಡನೆಯದರ ಮುಖ್ಯ ಕೆಲಸ ರಕಾರದ ಹತ್ತಿರ. ರ್ಯ ಅಂತ ಸುಮ್ನೆ ಬರೆದರೆ ಯ ಪಕ್ಕದಲ್ಲಿ ಅರ್ಕಾವತ್ತು ಬರುತ್ತದೆ. ಪೂರ್ತಿ ರ ಬರೆದು ಕೆಳಗೆ ಯ ಒತ್ತು ಬೇಕಾದರೆ ರ ಮತ್ತು ವಿರಾಮದ ನಡುವೆ 8205 ಇರಬೇಕು. 'ರ‍್ಯಾಂಕ್', 'ರ‍್ಯಾಲಿ' ಬರೆಯುವುದು ಹೀಗೆ.

ಹುಡುಕುವಾಗ ಇವೆರಡೂ ತೊಂದರೆ ಕೊಡುತ್ತವೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಅದಕ್ಕೆ ಎರಡನ್ನೂ ತೆಗೆದುಹಾಕುವ ಒಂದು ಫಂಕ್ಷನ್ ಬರೆದು 'ಸ್ವಚ್ಛ' ಅಂತ ಹೆಸರಿಟ್ಟೆ. ಆ ಹೆಸರೇ ತಪ್ಪು. ಸ್ವಚ್ಛ ಅಂತ ಕಂಡರೆ ಯಾರೂ ಅದನ್ನು ಎಲ್ಲಿ ಬೇಕಾದರೂ ಬಳಸುತ್ತಾರೆ. ನಾನೇ ಬಳಸಿದೆ. ಸಹಕಾರ ಸಂಘದ ಆ್ಯಪಿನಲ್ಲಿ ಡೇಟಾಬೇಸಿಗೆ ಉಳಿಸುವ ಮುಂಚೆ ಪ್ರತಿ ಹೆಸರನ್ನೂ ಅದರೊಳಗೆ ಹಾಯಿಸಿದೆ. ಹಳೆಯ ಹೆಸರುಗಳ ಮೇಲೂ ಒಂದು ಸಲ ಓಡಿಸಿದೆ.

ಎರಡು ವಾರ ಕಳೆದ ಮೇಲೆ ಒಬ್ಬ ಹಿರಿಯ ಸದಸ್ಯರು ರಸೀದಿ ಹಿಡಿದು ಸಂಘಕ್ಕೆ ಬಂದರು. ಅವತ್ತು ನಾನೂ ಅಲ್ಲೇ ಇದ್ದೆ. ಹೊರಗೆ ಜುಲೈ ಮಳೆ ಜೋರಾಗಿ ಸುರಿಯುತ್ತಿತ್ತು, ಕರೆಂಟ್ ಇರಲಿಲ್ಲ. ಅವರು ರಸೀದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಅವರು ತಮ್ಮ ಹೆಸರನ್ನು ಯಾವತ್ತೂ 'ಆಚಾರ‍್ಯ' ಅಂತ, ಪೂರ್ತಿ ರ ಬರೆದು ಯ ಒತ್ತು ಕೊಟ್ಟೇ ಬರೆಯುವುದು. ಅವರ ತಂದೆ ಬರೆಯುತ್ತಿದ್ದುದೂ ಹಾಗೇ. ರಸೀದಿಯಲ್ಲಿ ಅರ್ಕಾವತ್ತಿನ 'ಆಚಾರ್ಯ' ಇತ್ತು.

"ತಪ್ಪು ಅಂತ ಅಲ್ಲ ಮಗೂ. ಆದರೆ ಇದು ನನ್ನ ಹೆಸರಲ್ಲ" ಅಂದರು. ಜೇಬಿನಿಂದ ಪೆನ್ ತೆಗೆದು ರಸೀದಿಯ ಪಕ್ಕದಲ್ಲಿ ನಿಧಾನವಾಗಿ ಬರೆದು ತೋರಿಸಿದರು.

ನಾನು ಅವರ ಕ್ಷಮೆ ಕೇಳಿದೆ. ಸರಿಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟೆ. ಕರೆಂಟ್ ಬಂದದ್ದು ರಾತ್ರಿ. ಆಗ ಕೂತು, ಓಡಿಸುವ ಹಿಂದಿನ ರಾತ್ರಿಯ ಬ್ಯಾಕಪ್ ತೆಗೆದೆ. ಹಳೆಯ ಹೆಸರು ಮತ್ತು ಈಗಿನ ಹೆಸರು ಹೋಲಿಸಿ, 8204 ಮತ್ತು 8205 ಬಿಟ್ಟು ಬೇರೇನೂ ವ್ಯತ್ಯಾಸ ಇಲ್ಲದ ಸಾಲುಗಳನ್ನು ಮಾತ್ರ ಹಿಂದಕ್ಕೆ ಬರೆದೆ. ಆ ಎರಡು ವಾರದಲ್ಲಿ ಹೊಸದಾಗಿ ಸೇರಿದ ಹೆಸರುಗಳಿಗೆ ಬ್ಯಾಕಪ್ ಇಲ್ಲ. ಅವನ್ನು ಗುಮಾಸ್ತರು ಅರ್ಜಿ ನೋಡಿ ಒಂದೊಂದಾಗಿ ತಿದ್ದಿದರು.

ಮರುದಿನ 'ಸ್ವಚ್ಛ' ಫಂಕ್ಷನ್ನನ್ನೇ ಕಿತ್ತುಹಾಕಿದೆ. ಅದರ ಜಾಗಕ್ಕೆ ಎರಡು ಬಂದವು. ಒಂದು ಹುಡುಕುಕೀಲಿ. ಅದು ಸೊನ್ನೆ, ಒಂಬತ್ತು, ನುಕ್ತ, ಕಾಣದ ಚಿಹ್ನೆ ಎಲ್ಲವನ್ನೂ ಸಮ ಮಾಡಿ ಒಂದು ಕೀಲಿ ಕೊಡುತ್ತದೆ, ಆ ಕೀಲಿಯನ್ನು ಬೇರೆ ಕಾಲಮಿನಲ್ಲಿ ಇಡಬೇಕು, ಯಾರಿಗೂ ತೋರಿಸಬಾರದು. ಇನ್ನೊಂದು ಉಳಿಸುವ ಮುಂಚೆ ಬಳಸುವುದು. ಅದು ಮಾಡುವುದು ತುಂಡಾದ ಸಂಕೇತಗಳನ್ನು ಒಂದು ಮಾಡುವ ಯೂನಿಕೋಡ್ ವಿಧಾನವಾದ ಎನ್‌ಎಫ್‌ಸಿ ಒಂದೇ. ಕೆಲವು ಕಡೆಯಿಂದ ಬರುವ ಪಠ್ಯದಲ್ಲಿ ೋ ಅನ್ನುವ ಒಂದು ಗುಣಿತ 3270, 3266, 3285 ಅಂತ ಮೂರು ತುಂಡಾಗಿ ಬರುತ್ತದೆ. ಎನ್‌ಎಫ್‌ಸಿ ಅದನ್ನು 3275 ಅನ್ನುವ ಒಂದೇ ಸಂಕೇತ ಮಾಡುತ್ತದೆ. ಕಣ್ಣಿಗೆ ಏನೂ ಬದಲಾಗುವುದಿಲ್ಲ. ಅಷ್ಟೇ. ಜನ ಬರೆದ ಹೆಸರನ್ನು ಅದಕ್ಕಿಂತ ಜಾಸ್ತಿ ಮುಟ್ಟುವ ಯಾವ ಫಂಕ್ಷನ್ನೂ ನಮ್ಮ ಲೈಬ್ರರಿಯಲ್ಲಿ ಇರುವುದಿಲ್ಲ ಅಂತ ರೀಡ್‌ಮೀಯ ಮೊದಲ ಸಾಲಿನಲ್ಲೇ ಬರೆದಿದ್ದೇವೆ. 'ಆಚಾರ‍್ಯ' ಪದ ಟೆಸ್ಟ್ ಫೈಲಿನ ಮೊದಲ ಸಾಲು.

ಅಷ್ಟರಲ್ಲಿ ಲೈಬ್ರರಿ, ಜಾವಾಸ್ಕ್ರಿಪ್ಟ್ ಕೋಡನ್ನು ಎಲ್ಲರಿಗೂ ಹಂಚುವ ತಾಣವಾದ ಎನ್‌ಪಿಎಂಗೆ ಹೋಗಿತ್ತು, ನಮ್ಮ ಮೂವರಲ್ಲದೆ ಬೇರೆಯವರೂ ಬಳಸುತ್ತಿದ್ದರು. ಇದ್ದ ಫಂಕ್ಷನ್ ತೆಗೆದರೆ ಅವರ ಆ್ಯಪ್ ನಿಲ್ಲುತ್ತದೆ. ಹಾಗಾಗಿ 2.0.0 ಅಂತ ಮೊದಲ ಅಂಕಿಯನ್ನೇ ಏರಿಸಿದೆವು. ಹಳೆಯದನ್ನು ಯಾಕೆ ತೆಗೆದೆವು, ಅದನ್ನು ಬಳಸಿ ಹೆಸರು ಉಳಿಸಿದ್ದರೆ ಬ್ಯಾಕಪ್‌ನಿಂದ ಹೇಗೆ ಹಿಂದೆ ತರಬಹುದು ಅಂತ ಬದಲಾವಣೆ ಪಟ್ಟಿಯಲ್ಲಿ ವಿವರವಾಗಿ ಬರೆದೆವು. ನಾನು ಓಡಿಸಿದ ಸ್ಕ್ರಿಪ್ಟನ್ನೂ ಸೇರಿಸಿದೆ.

ಕಟ್ಟಿ ಕಳಿಸುವಾಗ ಕಲಿತದ್ದು

ಮೊದಲ ಸಲ ಎನ್‌ಪಿಎಂಗೆ ಹಾಕಿದಾಗ ಹಾಸನದವನು ಇನ್‌ಸ್ಟಾಲ್ ಮಾಡಿ, "ಪೊಟ್ಟಣ ಬಂತು, ಒಳಗೆ ಕಾಫಿಪುಡಿನೇ ಇಲ್ಲ" ಅಂದ. ಬಿಲ್ಡ್ ಆದ ಫೋಲ್ಡರ್, ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ನಲ್ಲಿತ್ತು. ಬೇರೆ ಪಟ್ಟಿ ಕೊಡದಿದ್ದರೆ ಎನ್‌ಪಿಎಂ ಅದನ್ನೇ ಪಾಲಿಸುತ್ತದೆ. ಪ್ಯಾಕೇಜ್ ಜೇಸನ್‌ನಲ್ಲಿ ಫೈಲ್ಸ್ ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ಕಳಿಸುವ ಮುಂಚೆ ಎನ್‌ಪಿಎಂ ಪ್ಯಾಕ್ ಅನ್ನು ಡ್ರೈ ರನ್ ಮಾಡಿದರೆ ಯಾವ ಫೈಲ್ ಹೋಗುತ್ತದೆ ಅಂತ ಪಟ್ಟಿ ಬರುತ್ತದೆ. ಈಗ ಅದನ್ನು ನೋಡದೆ ಕಳಿಸುವುದಿಲ್ಲ. ಒಮ್ಮೆ ಹೋದ ಆವೃತ್ತಿ ಸಂಖ್ಯೆಯನ್ನು ವಾಪಸ್ ತೆಗೆದರೂ ಮತ್ತೆ ಬಳಸಲು ಬಿಡುವುದಿಲ್ಲ. ಹಾಗಾಗಿ 1.0.0 ಖಾಲಿಯಾಗಿ ಹೋಯಿತು, ನಿಜವಾದ ಮೊದಲನೆಯದು 1.0.1.

ಬೇರೆ ಯಾವ ಲೈಬ್ರರಿಯನ್ನೂ ನಮ್ಮದರೊಳಗೆ ಎಳೆದುಕೊಂಡಿಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜ್ ಎನ್‌ಪಿಎಂನಿಂದ ಮಾಯವಾದಾಗ, ಅದನ್ನು ಹೆಸರೂ ಕೇಳದವರ ಬಿಲ್ಡ್‌ಗಳು ಜಗತ್ತಿನಲ್ಲೆಲ್ಲ ನಿಂತವು. ಸಂಘದ ಆ್ಯಪಿಗೆ ಅಂಥ ದಿನ ಬರಬಾರದು. ಪರವಾನಗಿ ಎಂಐಟಿ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿ. ಗಿರಾಕಿಗಳ, ಕೋಡ್ ಹಂಚದ ಆ್ಯಪಿನಲ್ಲೂ ಯಾರಾದರೂ ಧೈರ್ಯವಾಗಿ ಬಳಸಲಿ ಅಂತ.

ಅಕಾರಾದಿ ಜೋಡಣೆಗೆ ನಾವು ಹೆಚ್ಚು ಬರೆಯಬೇಕಾಗಲಿಲ್ಲ. ಸಾದಾ ಸಾರ್ಟ್ ಸಂಕೇತ ಸಂಖ್ಯೆ ನೋಡಿ ಜೋಡಿಸುತ್ತದೆ. ಅಲ್ಲಿ ಳ ಇರುವುದು 3251ರಲ್ಲಿ, ಸ 3256ರಲ್ಲಿ. ಹಾಗಾಗಿ ಕಳಸ ಮೊದಲು ಬಂದು ಕಸಬಾ ಹೋಬಳಿ ಆಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆ. ಭಾಷೆಯ ಕ್ರಮದಲ್ಲಿ ಜೋಡಿಸುವ ಇಂಟ್ಲ್ ಕೊಲೇಟರ್‌ಗೆ ಕನ್ನಡ ಅಂತ ಹೇಳಿದರೆ ಸರಿಯಾಗಿ ಕಸಬಾ ಮೊದಲು, ಕಳಸ ಆಮೇಲೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಬಂದದ್ದು ಒಬ್ಬರ ಸರ್ವರಿನಲ್ಲಿ ಬರಲಿಲ್ಲ. ಅಲ್ಲಿ ಇನ್ನೂ ಹಳೆಯ ನೋಡ್ ಇತ್ತು. ಎಲ್ಲ ಭಾಷೆಗಳ ಮಾಹಿತಿ ನೋಡ್ ಜೊತೆಗೇ ಬರಲು ಶುರುವಾದದ್ದು 2019ರ 13ನೇ ಆವೃತ್ತಿಯಿಂದ. ಈಗ ಲೈಬ್ರರಿ ಶುರುವಿನಲ್ಲೇ ಕಸಬಾ, ಕಳಸ ಎರಡನ್ನೂ ಒಮ್ಮೆ ಜೋಡಿಸಿ ನೋಡುತ್ತದೆ. ಉಲ್ಟಾ ಬಂದರೆ ನೋಡ್ ಹೊಸದು ಮಾಡಿ ಅಂತ ಕನ್ನಡದಲ್ಲೇ ಎಚ್ಚರಿಕೆ ಬರೆಯುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಕೈಯಲ್ಲಿರುವ ಕೆಲಸ ಮಳೆ ಲೆಕ್ಕದ್ದು. ಎಸ್ಟೇಟಿನವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. 100 ಸೆಂಟ್ ಅಂದರೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆಯ ದಿನ ರೈಟರ್ '೧ ಇಂಚು ೨೦ ಸೆಂಟ್' ಅಂತ ಟೈಪ್ ಮಾಡಿದರೂ, '1.20' ಅಂತ ಟೈಪ್ ಮಾಡಿದರೂ ಒಂದೇ ಸಂಖ್ಯೆ ಆಗಬೇಕು. ಅವರು ಬರೆದದ್ದು ಮಾತ್ರ ರಿಜಿಸ್ಟರಿನಲ್ಲಿ ಅವರು ಬರೆದ ಹಾಗೇ ಉಳಿಯಬೇಕು. ಗೆಳತಿ ಇದಕ್ಕೆ ಕೋಡಿನ ಪ್ರತ್ಯೇಕ ಶಾಖೆ ತೆರೆದಿದ್ದಾಳೆ, ಬರುವ ಭಾನುವಾರ ಬೇಲೂರಿನಲ್ಲಿ ಕೂತು ಒಟ್ಟಿಗೆ ಓದುತ್ತೇವೆ.

ಲಕ್ಷ್ಮೀನರಸಿಂಹಯ್ಯನವರ ಹೊಸ ಕಾರ್ಡನ್ನು ನಾನೇ ಹೋಗಿ ಕೊಟ್ಟು ಬಂದೆ. ಆಚಾರ‍್ಯರ ರಸೀದಿಯನ್ನು ಗುಮಾಸ್ತರು ಹೊಸದಾಗಿ ಪ್ರಿಂಟ್ ಮಾಡಿ ಕೊಟ್ಟರು. ಆ ಹಿರಿಯರು ಕನ್ನಡಕ ಹಾಕಿಕೊಂಡು ರಕಾರದ ಹತ್ತಿರ ಬೆರಳಿಟ್ಟು ನೋಡಿದರು, ಮಡಚಿ ಜೇಬಿನಲ್ಲಿಟ್ಟುಕೊಂಡರು.